ದೂರ ಹೊಡೆಯೋ ಬಂದೂಕು ಬೇಕಾ? ಮೊದಲು ಹೊಲ ನೋಡಿ

ಮೆಕ್ಕೆಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ನಮ್ಮ ಫೋನಿಗೆ ಒಂದೇ ತರದ ಪ್ರಶ್ನೆ ಬರೋಕೆ ಶುರುವಾಗುತ್ತೆ. "ಅಣ್ಣ, ಐವತ್ತು ಅರವತ್ತು ಸಾವಿರದೊಳಗೆ ದೂರ ಹೊಡೆಯೋ ರೈಫಲ್ ಯಾವುದು ಒಳ್ಳೇದು?" ಜೊತೆಗೊಂದು ಯೂಟ್ಯೂಬ್ ವಿಡಿಯೊ. ಅದರಲ್ಲಿ ಅಮೆರಿಕದ ಯಾವುದೋ ಗುಡ್ಡದ ಮೇಲೆ ಒಬ್ಬ ಮಲಗಿಕೊಂಡು, ದುರ್ಬೀನು ಹಾಕಿದ ರೈಫಲ್‌ನಿಂದ ಅರ್ಧ ಕಿಲೋಮೀಟರ್ ಆಚೆಗಿನ ಪ್ರಾಣಿಯನ್ನು ಕೆಡವುತ್ತಾನೆ.

ಕೇಳುವವರ ಸಂಕಟ ನಮಗೆ ಹೊಸದಲ್ಲ. ನಾವು ನಾಲ್ವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಹೀಗೆ ನಾಲ್ಕು ತಾಲ್ಲೂಕಿನವರು. ನಾಲ್ವರ ಮನೆಯಲ್ಲೂ ಹೊಲ ಇದೆ, ನಾಲ್ಕೂ ಕಡೆ ಹಂದಿ ಕಾಟ ಇದೆ. ಹತ್ತು ಹಂದಿ ಒಂದು ರಾತ್ರಿ ಜೋಳದ ಹೊಲ ಹೊಕ್ಕರೆ ತಿನ್ನೋದಕ್ಕಿಂತ ತುಳಿದು ಮಲಗಿಸೋದೇ ಹೆಚ್ಚು. ಬೆಳಿಗ್ಗೆ ಹೋಗಿ ನೋಡಿದರೆ ಸಾಲಿಗೆ ಸಾಲೇ ಚಾಪೆ ಹಾಸಿದ ಹಾಗೆ ಬಿದ್ದಿರುತ್ತೆ. ಬೀಜ, ಗೊಬ್ಬರ, ಕಳೆ ತೆಗೆಸಿದ ಕೂಲಿ ಎಲ್ಲ ಮಣ್ಣುಪಾಲು. ಅಂಥ ಬೆಳಿಗ್ಗೆ ಯಾರಿಗಾದರೂ ಬಂದೂಕಿನ ಆಸೆ ಬರುತ್ತೆ.

ನಮ್ಮಲ್ಲಿ ನ್ಯಾಮತಿ ಕಡೆಯವರ ಮನೆಯಲ್ಲಿ ಹೋದ ವರ್ಷ ಈ ಮಾತು ಮಾತಾಗಿ ಉಳಿಯಲಿಲ್ಲ. ಅರವತ್ತು ಸಾವಿರ ಕೂಡಿಟ್ಟಿದ್ದರು. ದೊಡ್ಡಪ್ಪನ ಹಳೇ ಕೇಪಿನ ಕೋವಿ ಬಾಗಿಲ ಹಿಂದೆ ಇತ್ತು. ಅದನ್ನು ಕೊಟ್ಟು, ಮೇಲೆ ದುಡ್ಡು ಹಾಕಿ, ಒಳ್ಳೆ ರೈಫಲ್ ತರೋಣ ಅಂತ ತಮ್ಮ ಹಟ ಹಿಡಿದ. ಹಾಗಾಗಿ ನಾವೆಲ್ಲ ಸೇರಿ ಕಾನೂನು ಓದಿದೆವು, ಬಂದೂಕು ಮಾರುವ ಅಂಗಡಿಗೆ ಹೋದೆವು, ಠಾಣೆಯಲ್ಲಿ ಕೇಳಿದೆವು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೇ ಮಾತು. ನಮ್ಮ ದೇಶದಲ್ಲಿ ಬೇಟೆ ಅನ್ನೋದು ಹವ್ಯಾಸವಾಗಿ ಉಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಲ್ಲಿಸಿತು. ಅಮೆರಿಕದ ಆ ವಿಡಿಯೊದವನಿಗೆ ಬೇಟೆಯ ಸೀಸನ್ ಇದೆ, ಅದಕ್ಕೆ ಸರ್ಕಾರದ ಪರವಾನಗಿ ಇದೆ. ನಮಗೆ ಎರಡೂ ಇಲ್ಲ. "ಹಂದಿ ತಾನೆ" ಅನ್ನುವ ಹಾಗೂ ಇಲ್ಲ, ಕಾಡುಹಂದಿಯೂ ಕಾಯ್ದೆಯ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯ ಅಂತ ಕೊಲ್ಲಬೇಕಾದರೆ 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ, ಲಿಖಿತ ಅನುಮತಿ ಕೊಡಬೇಕು. ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅದು ಅಪರಾಧವಲ್ಲ. ಆದರೆ ಆ ವಿನಾಯಿತಿ ಮನುಷ್ಯರ ಜೀವಕ್ಕೆ ಮಾತ್ರ, ಬೆಳೆಗೆ ಅನ್ವಯಿಸಲ್ಲ. ಸತ್ತ ಪ್ರಾಣಿ ಕೂಡ ಸರ್ಕಾರದ ಸೊತ್ತು.

ಕೇರಳದವರು 2022ರಲ್ಲಿ ಕಾಡುಹಂದಿಗೆ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ ಮಟ್ಟಕ್ಕೆ ಇಳಿಸಿದರು. ಅಲ್ಲೂ ರೈತ ತನ್ನಷ್ಟಕ್ಕೆ ಹೋಗಿ ಹೊಡೆಯುವ ಹಾಗಿಲ್ಲ. ಲೈಸೆನ್ಸ್ ಇರುವವರು ಅನುಮತಿಯ ಮೇಲೆ ಹೊಡೆಯಬೇಕು, ಹೆಣ ಹೂಳಬೇಕು. ಕೊಡಗಿನವರಿಗೆ ಲೈಸೆನ್ಸ್ ಬೇಡವಂತೆ ಅಂತ ಕೆಲವರು ಹೇಳುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಜ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಅದು ಬಂದೂಕು ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ. ಬೇಟೆ ಆಡಲು ಅಲ್ಲಿಯೂ ಬಿಟ್ಟಿಲ್ಲ.

ಎರಡನೇ ಮಾತು. ಅಂಗಡಿಯಲ್ಲಿ ಬಂದೂಕು ಆರಿಸಿ ಆಮೇಲೆ ಲೈಸೆನ್ಸ್ ಮಾಡಿಸೋಣ ಅಂದರೆ ಆಗಲ್ಲ. ಲೈಸೆನ್ಸ್ ಮೊದಲು. ಯಾವ ತರದ ಬಂದೂಕು ಅನ್ನೋದು ಅದರಲ್ಲೇ ಬರೆದಿರುತ್ತೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆ ಬಗ್ಗೆ ನೇರವಾಗಿ ಹೇಳುತ್ತೆ. ಬೆಳೆ ಕಾಯಲು ಕೊಡುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ, ಅಂದರೆ ನಮ್ಮ ದೊಡ್ಡಪ್ಪನ ಕೇಪಿನ ಕೋವಿಯಂಥದ್ದೇ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ತೋಟೆ ಹಾಕುವ ಬೇರೆ ನುಣುಪು ನಳಿಗೆಯ ಬಂದೂಕಿಗೆ ಅನುಮತಿ ಕೊಡಬಹುದು. ಅಲ್ಲಿ ರೈಫಲ್ ಅನ್ನುವ ಮಾತೇ ಇಲ್ಲ.

ಇವೆರಡಕ್ಕೂ ಏನು ವ್ಯತ್ಯಾಸ? ರೈಫಲ್ ನಳಿಗೆಯ ಒಳಗೆ ತಿರುಚಿಕೊಂಡು ಹೋಗುವ ಗೀರುಗಳಿರುತ್ತವೆ. ಗುಂಡು ಬುಗುರಿಯ ಹಾಗೆ ತಿರುಗುತ್ತಾ ನೇರವಾಗಿ, ಬಲು ದೂರ ಹೋಗುತ್ತೆ. ನುಣುಪು ನಳಿಗೆಯಲ್ಲಿ ಆ ಗೀರು ಇಲ್ಲ. ಅದರಿಂದ ಹೊರಟ ಚರೆಗಳು ಹರಡಿಕೊಳ್ಳುತ್ತವೆ, ಬೇಗ ವೇಗ ಕಳೆದುಕೊಳ್ಳುತ್ತವೆ. ಹಂದಿಯಂಥ ಪ್ರಾಣಿಗೆ ಮೂವತ್ತು ನಲವತ್ತು ಮೀಟರ್ ದಾಟಿದರೆ ಅದರ ಮೇಲೆ ಭರವಸೆ ಇಡುವ ಹಾಗಿಲ್ಲ. ಅಂಗಡಿಯವರು ತೋರಿಸಿದ .315 ರೈಫಲ್ ನಮ್ಮ ದೇಶದ್ದೇ, ಸರ್ಕಾರಿ ಕಾರ್ಖಾನೆಯ ಮಾಲು. ವಿದೇಶಿ ರೈಫಲ್‌ಗಳನ್ನು ಜನಸಾಮಾನ್ಯರು ತರಿಸಿಕೊಳ್ಳಲು ದಶಕಗಳಿಂದ ಬಿಟ್ಟಿಲ್ಲ. ವಿಡಿಯೊದಲ್ಲಿ ಕಂಡ ಹೆಸರುಗಳನ್ನು ಹುಡುಕಿಕೊಂಡು ಹೋದರೆ ಸಿಗುವುದು ಯಾರದೋ ಕೈದಾಟಿದ ಹಳೇ ಮಾಲು, ಅದರ ಬೆಲೆ ನಮ್ಮ ಬಜೆಟ್ಟಿನ ಹತ್ತಿರಕ್ಕೂ ಬರಲ್ಲ.

ಅಂಗಡಿಯಿಂದ ಬಂದ ಮೇಲೆ ನಾವು ದೊಡ್ಡಪ್ಪನ ಜೊತೆ ಹೊಲದ ಬದುವಿನ ಮೇಲೆ ನಿಂತುಕೊಂಡೆವು. ರೈಫಲ್ ಬೇಕು ಅಂದವನಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಗುರಿ ತಪ್ಪಿದ್ರೆ ಗುಂಡು ಎಲ್ಲಿಗೆ ಹೋಗಿ ನಿಲ್ತತಪ್ಪ?"

ಎದುರಿಗೆ ಆಳೆತ್ತರ ಮೀರಿದ ಜೋಳ. ಅದರಾಚೆ ಪಕ್ಕದ ಹೊಲದವರ ಪಂಪ್‌ಸೆಟ್ ಮನೆ. ರಾತ್ರಿ ಕರೆಂಟ್ ಬಂದಾಗ ನೀರು ಕಟ್ಟಲು ಯಾರಾದರೂ ಅಲ್ಲಿ ಇದ್ದೇ ಇರುತ್ತಾರೆ. ಅದರಾಚೆ ರಸ್ತೆ, ಆಮೇಲೆ ಊರು. ಎಲ್ಲ ಸೇರಿ ಒಂದು ಕಿಲೋಮೀಟರ್ ಇಲ್ಲ. ರೈಫಲ್‌ಗಳಲ್ಲೇ ಸಣ್ಣದು ಅನ್ನಿಸಿಕೊಂಡ .22ರ ಗುಂಡು ಕೂಡ ಒಂದು ಕಿಲೋಮೀಟರ್ ದಾಟಿ ಹೋಗಬಲ್ಲದು. .315 ಅಂತೂ ಅದಕ್ಕಿಂತ ಎಷ್ಟೋ ದೂರ. ಹಂದಿ ಬರೋದು ಕತ್ತಲಲ್ಲಿ. ಕಾಣೋದು ಅಲ್ಲಾಡುವ ಜೋಳದ ತೆನೆ ಮಾತ್ರ, ಅದನ್ನು ಅಲ್ಲಾಡಿಸುತ್ತಿರುವುದು ಹಂದಿಯೋ ಮನುಷ್ಯನೋ ತಿಳಿಯಲ್ಲ. ಗುಡ್ಡದ ಊರಿನಲ್ಲಿ ಗುಂಡಿಗೆ ಹಿಂದೆ ಮಣ್ಣಿನ ಗೋಡೆಯಾದರೂ ಇರುತ್ತೆ. ನಮ್ಮ ಬಯಲಲ್ಲಿ ಗುಂಡಿನ ಹಿಂದೆ ಇರೋದು ಪಕ್ಕದ ಮನೆಯವರು. ಕಾನೂನು ಬೆಳೆ ಕಾಯುವವನಿಗೆ ಹತ್ತಿರ ಹೊಡೆಯುವ ಕೋವಿಯನ್ನೇ ಯಾಕೆ ಕೊಟ್ಟಿದೆ ಅನ್ನುವುದು ನಮಗೆ ಆ ಬದುವಿನ ಮೇಲೆ ಅರ್ಥವಾಯಿತು.

ತಾಲ್ಲೂಕಿನಿಂದ ತಾಲ್ಲೂಕಿಗೆ ಅಪಾಯ ಬೇರೆ ಬೇರೆ. ಜಗಳೂರಿನಲ್ಲಿ ರಂಗಯ್ಯನದುರ್ಗ ವನ್ಯಜೀವಿಧಾಮ ಇದೆ. 2011ರಲ್ಲಿ ಘೋಷಣೆಯಾದದ್ದು, ಕೊಂಡುಕುರಿಗಾಗಿ. ನಾಲ್ಕು ಕೊಂಬಿನ ಈ ಸಣ್ಣ ಪ್ರಾಣಿ ಭಾರತ, ನೇಪಾಳ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಹಂದಿ ಅಂತ ಕತ್ತಲಲ್ಲಿ ಹೊಡೆದು ಕೊಂಡುಕುರಿಯೋ ಕರಡಿಯೋ ಬಿದ್ದರೆ ಅವು ಮೊದಲನೇ ಪಟ್ಟಿಯ ಪ್ರಾಣಿಗಳು. ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ವನ್ಯಜೀವಿಧಾಮದ ಗಡಿಯೊಳಗೆ ಬೇಟೆಯಾಡಿದರೂ ಅದೇ ಶಿಕ್ಷೆ. ಚನ್ನಗಿರಿಯ ಉಬ್ರಾಣಿ ಕಡೆ ಆನೆಯ ಭಯವೂ ಇದೆ. 2023ರಲ್ಲಿ ತಾಲ್ಲೂಕಿನಲ್ಲಿ ಆನೆ ದಾಳಿಗೆ ಒಬ್ಬ ಹುಡುಗಿ ಜೀವ ಕಳೆದುಕೊಂಡಳು. ಆನೆ ಬಂದಾಗ ಬಂದೂಕು ಹಿಡಿದು ಹೋಗುವುದು ಸಾವನ್ನು ಕರೆದ ಹಾಗೆ. ಅರಣ್ಯ ಇಲಾಖೆಗೆ ಫೋನ್ ಮಾಡಬೇಕು. ಜಿಲ್ಲೆ ದಾವಣಗೆರೆಯಾದರೂ ಚನ್ನಗಿರಿಯ ಕಾಡು ಸೇರುವುದು ಭದ್ರಾವತಿ ಅರಣ್ಯ ವಿಭಾಗಕ್ಕೆ. ನಿಮ್ಮ ಊರು ಯಾವ ವಲಯಕ್ಕೆ ಸೇರುತ್ತೆ ಅಂತ ಈಗಲೇ ತಿಳಿದುಕೊಂಡು ನಂಬರ್ ಬರೆದಿಟ್ಟುಕೊಳ್ಳಿ. ಹೊನ್ನಾಳಿಯ ಹೊಳೆ ದಂಡೆಯಲ್ಲಿ ಹೊಲಗಳು ಒತ್ತೊತ್ತಾಗಿವೆ, ರಾತ್ರಿ ನೀರು ಕಟ್ಟುವವರು ಹೆಚ್ಚು. ಅಲ್ಲಿ ದೂರದ ಗುಂಡಿನ ಮಾತೇ ಬೇಡ.

ಇಷ್ಟಾದ ಮೇಲೂ ಬೆಳೆ ರಕ್ಷಣೆಗೆ ಕೋವಿ ಬೇಕು ಅನ್ನುವವರಿಗೆ ದಾರಿ ಇದೆ. ಇಪ್ಪತ್ತೊಂದು ವರ್ಷ ತುಂಬಿರಬೇಕು. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಅರ್ಜಿಯನ್ನು ಕೇಂದ್ರ ಗೃಹ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕಬೇಕು. ಗುರುತಿನ ದಾಖಲೆ, ಪಹಣಿ, ವೈದ್ಯರ ಪ್ರಮಾಣಪತ್ರ, ಬಂದೂಕು ತರಬೇತಿಯ ಪ್ರಮಾಣಪತ್ರ ಸಿದ್ಧವಿರಲಿ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಠಾಣೆಯಲ್ಲಿ ವಿಚಾರಿಸಿ. ಪೊಲೀಸ್ ವರದಿ ಆಗಬೇಕು. 2019ರ ತಿದ್ದುಪಡಿಯ ಪ್ರಕಾರ ಲೈಸೆನ್ಸ್ ಅವಧಿ ಐದು ವರ್ಷ, ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವ ಹಾಗಿಲ್ಲ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಅಂತ ಕರೆ ಬರುತ್ತೆ. ಒಪ್ಪಿಸಿದ್ದಕ್ಕೆ ರಸೀದಿ ತಗೊಂಡು ಜೋಪಾನ ಮಾಡಿ.

ಲೈಸೆನ್ಸ್ ಇಲ್ಲದ ನಾಡ ಬಂದೂಕು ಅಗ್ಗವಾಗಿ ಸಿಗುತ್ತೆ ಅಂತ ಯಾರಾದರೂ ಬಂದರೆ ಆ ಕಡೆ ತಿರುಗಿಯೂ ನೋಡಬೇಡಿ. ಇಟ್ಟುಕೊಂಡದ್ದಕ್ಕೇ ಎರಡರಿಂದ ಐದು ವರ್ಷ ಶಿಕ್ಷೆ. ಗಟ್ಟಿ ಇಲ್ಲದ ನಳಿಗೆ ಹೊಡೆಯುವವನ ಮುಖದ ಹತ್ತಿರವೇ ಸಿಡಿಯಬಹುದು. ಏರ್‌ಗನ್‌ಗೆ ಲೈಸೆನ್ಸ್ ಬೇಡವಲ್ಲ ಅಂತ ಹುಡುಗರು ಕೇಳುತ್ತಾರೆ. ಕಡಿಮೆ ಶಕ್ತಿಯ .177 ಏರ್‌ಗನ್‌ಗೆ ಬೇಡ, ನಿಜ. ಡಬ್ಬಿ ಇಟ್ಟು ಗುರಿ ಕಲಿಯಲು ಅದು ಸರಿ. ಹಂದಿಗೆ ಹೊಡೆದರೆ ಗಾಯವಾಗಿ ಕೆರಳಿ ನಿಮ್ಮ ಮೇಲೇ ಬರುತ್ತೆ. ನವಿಲಿಗೆ ಹೊಡೆದರೆ ಮತ್ತೆ ಅದೇ ಮೊದಲನೇ ಪಟ್ಟಿಯ ಕೇಸು.

ಮನೆಯಲ್ಲಿ ತೀರಿಕೊಂಡ ಹಿರಿಯರ ಕೋವಿ ಅಟ್ಟದ ಮೇಲೆ ಇದ್ದರೆ ಈ ವಾರವೇ ಇಳಿಸಿ. ಲೈಸೆನ್ಸ್‌ದಾರ ಹೋದ ಮೇಲೆ ಅದನ್ನು ಠಾಣೆಗೋ ಅಧಿಕೃತ ಅಂಗಡಿಗೋ ತಡಮಾಡದೆ ಒಪ್ಪಿಸಬೇಕು. ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅಜ್ಜನ ನೆನಪಿಗೆ ಅಂತ ಸುಮ್ಮನೆ ಇಟ್ಟುಕೊಂಡರೂ ಅದು ಲೈಸೆನ್ಸ್ ಇಲ್ಲದ ಬಂದೂಕೇ.

ಹಾಗಾದರೆ ಆ ಅರವತ್ತು ಸಾವಿರ ಏನಾಯಿತು? ಅಕ್ಕಪಕ್ಕದ ಇನ್ನಿಬ್ಬರು ಹೊಲದವರ ಜೊತೆ ಕೂತು ಮಾತಾಡಿದೆವು. ಮೂರು ಮನೆಯವರೂ ತಲಾ ಹದಿನಾಲ್ಕು ಸಾವಿರ ಹಾಕಿ ಮೂರೂ ಹೊಲಕ್ಕೆ ಸೇರಿ ಒಂದೇ ಸುತ್ತು ಸೋಲಾರ್ ಝಟ್ಕಾ ಬೇಲಿ ಹಾಕಿದೆವು. ಒಬ್ಬೊಬ್ಬರೇ ಹಾಕಿದ್ದರೆ ನಡುವಿನ ಬದುಗಳಿಗೂ ತಂತಿ, ಕಂಬ ಬೇಕಾಗುತ್ತಿತ್ತು, ಮೂರು ಮಷಿನ್ ಬೇಕಾಗುತ್ತಿತ್ತು. ಹಂದಿ ನೆಲಕ್ಕೆ ಮೂತಿ ಇಟ್ಟು ಬರುವ ಪ್ರಾಣಿ. ಅದಕ್ಕೇ ಕೆಳಗಿನ ಎಳೆ ನೆಲದಿಂದ ಒಂದು ಗೇಣಿನಷ್ಟೇ ಎತ್ತರದಲ್ಲಿದೆ. ಝಟ್ಕಾ ಮಷಿನ್ ಬಿಟ್ಟು ಬಿಟ್ಟು ಹೊಡೆತ ಕೊಡುತ್ತೆ. ಮುಟ್ಟಿದ್ದು ಬೆಚ್ಚಿ ಓಡುತ್ತೆ, ಸಾಯಲ್ಲ. ಮನೆಯ ಕರೆಂಟನ್ನೇ ತಂತಿಗೆ ಕೊಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಅದಕ್ಕೆ ಸಿಕ್ಕಿ ಪಕ್ಕದ ಹೊಲದವರು, ಮನೆಯ ಮಕ್ಕಳೇ ಸತ್ತ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ.

ಬೇಲಿ ಹಾಕಿ ಮಲಗಿದರೆ ಆಗಲ್ಲ. ತಂತಿಗೆ ಹುಲ್ಲು ತಾಗಿದರೆ ಹೊಡೆತ ಕುಂದುತ್ತೆ. ಮೊದಲ ಬೆಳೆಯಲ್ಲಿ ಎರಡು ರಾತ್ರಿ ಹಂದಿ ಒಳಗೆ ಬಂದವು, ಮಳೆಗೆ ಜೋಳದ ದಂಟು ತಂತಿಯ ಮೇಲೆ ಒರಗಿತ್ತು. ಈಗ ಮೂರು ಮನೆಯವರು ಪಾಳಿ ಹಾಕಿಕೊಂಡು ಅಟ್ಟಣೆಯ ಮೇಲೆ ಕಾಯುತ್ತಾರೆ. ಎರಡು ಒಳ್ಳೆ ಟಾರ್ಚ್‌ಗೆ ಮೂರು ಸಾವಿರ ಹೋಯಿತು. ದೊಡ್ಡಪ್ಪನ ಕೋವಿ ಅವರ ಹೆಸರಲ್ಲೇ, ಅವರ ಲೈಸೆನ್ಸ್‌ನಲ್ಲೇ ಇದೆ. ಉಳಿದ ನಲವತ್ಮೂರು ಸಾವಿರ ಮುಂದಿನ ಬಿತ್ತನೆಗೆ, ಗೊಬ್ಬರಕ್ಕೆ ಆಯಿತು.

ಹಾಳಾದ ಬೆಳೆಗೆ ಪರಿಹಾರವನ್ನೂ ಬಿಡಬೇಡಿ. ಬಿದ್ದ ಬೆಳೆಯನ್ನು ಮುಟ್ಟುವ ಮೊದಲು, ಹೆಜ್ಜೆ ಗುರುತು ಕಾಣುವ ಹಾಗೆ ಫೋಟೊ ತೆಗೆಯಿರಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ, ಅರ್ಜಿ ಇ-ಪರಿಹಾರ ವ್ಯವಸ್ಥೆಗೆ ಸೇರಿತಾ ಅಂತ ಕೇಳಿ. ಫಸಲ್ ಬಿಮಾ ಯೋಜನೆಯಲ್ಲೂ ಕಾಡುಪ್ರಾಣಿ ಹಾನಿಯನ್ನು 2026ರ ಮುಂಗಾರಿನಿಂದ ಸೇರಿಸುವುದಾಗಿ ಕೇಂದ್ರ 2025ರ ನವೆಂಬರ್‌ನಲ್ಲಿ ಹೇಳಿದೆ. ಯಾವ ಜಿಲ್ಲೆ, ಯಾವ ಪ್ರಾಣಿ ಅನ್ನುವುದನ್ನು ರಾಜ್ಯ ಗುರುತಿಸಬೇಕು. ಹಾನಿಯಾದ 72 ಗಂಟೆಯೊಳಗೆ ಆ್ಯಪ್‌ನಲ್ಲಿ ಫೋಟೊ ಸಮೇತ ತಿಳಿಸಬೇಕು. ವಿಮೆ ಕಟ್ಟುವಾಗಲೇ ನಿಮ್ಮ ಜಿಲ್ಲೆಯ ಹೆಸರು ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮೆಕ್ಕೆಜೋಳ ಇಷ್ಟು ಬೆಳೆಯುವ ನಮ್ಮ ಜಿಲ್ಲೆಯ ಹೆಸರು ಆ ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ, ನಾವೂ ಬರುತ್ತೇವೆ.