ಹಾಲು ಹೊಯ್ಯುವವಳ ಹಿಂದಿನ ಗೋಡೆ

ಡಚ್ ಚಿತ್ರಕಾರ ಯೊಹಾನೆಸ್ ವರ್ಮೀರ್ ಸುಮಾರು 1658ರಲ್ಲಿ ಬರೆದ ಹಾಲು ಹೊಯ್ಯುವ ಹೆಂಗಸಿನ ಚಿತ್ರ ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಒಂದೂವರೆ ಅಡಿಯಷ್ಟೂ ಎತ್ತರವಿಲ್ಲದ ಕ್ಯಾನ್ವಾಸು. ಇಷ್ಟು ಪ್ರಶಾಂತವಾದ ಅಡುಗೆಮನೆ ಇನ್ನೊಂದಿಲ್ಲ ಎನ್ನುತ್ತಾರೆ. ಆ ಮಾತಿಗೆ ನನ್ನ ತಕರಾರಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಅಂದಿನ ಡೆಲ್ಫ್ಟ್ ಊರಿನ ಮನೆಗಳೇ ಹಾಗಿದ್ದವು, ಅವನು ಕಂಡದ್ದನ್ನು ಕಂಡ ಹಾಗೆ ಇಳಿಸಿದ ಎಂದು. ಇದನ್ನು ನಾನು ಒಪ್ಪಲಾರೆ. ಆ ಪ್ರಶಾಂತತೆ ಅವನಿಗೆ ಅಡುಗೆಮನೆಯಲ್ಲಿ ಸಿಕ್ಕಿದ್ದಲ್ಲ. ಸಾಮಾನುಗಳನ್ನು ಹೊರಗೆ ಹಾಕಿ ಹಾಕಿ ಮಾಡಿಕೊಂಡದ್ದು.

ಇದಕ್ಕೆ ಸಾಕ್ಷಿ ಬಣ್ಣದ ಅಡಿಯಲ್ಲೇ ಇದೆ. 2022ರಲ್ಲಿ ಮ್ಯೂಸಿಯಮ್ಮಿನ ತಜ್ಞರು ಚಿತ್ರವನ್ನು ಯಂತ್ರಗಳಿಂದ ಒಳಗೆಲ್ಲ ಶೋಧಿಸಿದಾಗ ಅವಳ ತಲೆಯ ಹಿಂದೆ ಹೂಜಿಗಳನ್ನು ಸಾಲಾಗಿ ತೂಗುಹಾಕುವ ಹಲಗೆಯೊಂದು ಕಂಡಿತು. ಬಲಗಡೆ ಕೆಳಗೆ ಹೆಣೆದ ಬೆಂಕಿಬುಟ್ಟಿ ಇತ್ತು. ಒಳಗೆ ಕೆಂಡವಿಟ್ಟು ಕೂಸಿನ ಬಟ್ಟೆ ಒಣಗಿಸುವಂಥದ್ದು. ಎರಡನ್ನೂ ಬರೆಯತೊಡಗಿ, ಆಮೇಲೆ ಬಣ್ಣ ಬಳಿದು ಮುಚ್ಚಿಬಿಟ್ಟಿದ್ದಾನೆ. ಉಳಿದದ್ದು ಬೋಳು ಗೋಡೆ. ಆದರೆ ಪೂರ್ತಿ ಬೋಳಲ್ಲ ಎಂಬುದೇ ಸ್ವಾರಸ್ಯ. ಹೂಜಿಗಳನ್ನೆಲ್ಲ ತೆಗೆದವನು ಗೋಡೆಗೆ ಒಂದು ಮೊಳೆ ಹೊಡೆದಿದ್ದಾನೆ, ಮೊಳೆಗೆ ನೆರಳು ಕೊಟ್ಟಿದ್ದಾನೆ, ಹಿಂದೆಂದೋ ಕಿತ್ತ ಮೊಳೆಗಳ ತೂತುಗಳನ್ನೂ ಬಿಟ್ಟಿಲ್ಲ. ಕಿಟಕಿಯ ಒಂದು ಗಾಜು ಒಡೆದಿದೆ. ಕಂಡದ್ದನ್ನೆಲ್ಲ ಬರೆಯುವವನಾಗಿದ್ದರೆ ಹೂಜಿಗಳು ಉಳಿಯುತ್ತಿದ್ದವು. ಬರೀ ಅಂದ ನೋಡುವವನಾಗಿದ್ದರೆ ಮೊಳೆ ಉಳಿಯುತ್ತಿರಲಿಲ್ಲ.

ಇದೆಲ್ಲ ಸಂಕೇತಗಳ ಆಟ ಎನ್ನುವ ವಿದ್ವಾಂಸರಿದ್ದಾರೆ. ನೆಲದ ಮೇಲೆ ಕಾಲು ಕಾಯಿಸುವ ಪೆಟ್ಟಿಗೆ ಇದೆ, ಅದರ ಪಕ್ಕದ ಹೆಂಚಿನಲ್ಲಿ ಬಿಲ್ಲು ಹಿಡಿದ ಮನ್ಮಥನಿದ್ದಾನೆ; ಅಡುಗೆಯವಳನ್ನು ಮೋಹದ ಬಲೆಯಾಗಿ ಚಿತ್ರಿಸುವ ಚಾಳಿ ಡಚ್ಚರಲ್ಲಿ ಮೊದಲೇ ಇತ್ತು. ನಿಜ. ಆದರೆ ಆ ಮನ್ಮಥ ಮೂಲೆಯಲ್ಲಿ, ಉಗುರಿನಷ್ಟು ಗಾತ್ರದಲ್ಲಿದ್ದಾನೆ. ಬೆಳಕು ಬೀಳುವುದು ಬ್ರೆಡ್ಡಿನ ಮೇಲೆ, ಅವಳ ತೋಳಿನ ಮೇಲೆ. ಆ ತೋಳನ್ನು ಹತ್ತಿರದಿಂದ ನೋಡಬೇಕು: ಮಣಿಕಟ್ಟಿನಿಂದ ಕೆಳಗೆ ಕಂದು, ಮಡಚಿದ ತೋಳಂಗಿಯ ಬಳಿ ಬಿಳಿ. ಬಿಸಿಲು, ನೀರು ಕಂಡ ಚರ್ಮ ಎಲ್ಲಿಗೆ ಮುಗಿಯುತ್ತದೆಂದು ತಿಳಿಯುತ್ತದೆ. ಮೋಹಗೊಳಿಸುವವಳು ನಮ್ಮ ಕಡೆ ನೋಡುತ್ತಿದ್ದಳು. ಇವಳ ಕಣ್ಣು ಹಾಲಿನ ಸಣ್ಣ ಧಾರೆಯ ಮೇಲಿದೆ, ಒಂದು ಹನಿ ಆಚೆ ಬೀಳಬಾರದೆಂಬಂತೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕೆಲಸದವಳ ಬದುಕಿನ ಗದ್ದಲವನ್ನು ಅಳಿಸಿ ಅವಳನ್ನು ಸುಮ್ಮನೆ ನಿಲ್ಲಿಸುವುದು ಯಜಮಾನನಿಗೆ ಹಿತವಾದ ಸುಳ್ಳಲ್ಲವೇ? ಗದ್ದಲವೇನೋ ಬೇಕಾದಷ್ಟಿತ್ತು. 1660ರ ಹೊತ್ತಿಗೆ ವರ್ಮೀರನ ಸಂಸಾರ ಅತ್ತೆ ಮರಿಯಾ ಥಿನ್ಸಳ ಮನೆಯಲ್ಲಿತ್ತು. ಆ ಮನೆಯ ಕೆಲಸದಾಕೆ ಟಾನ್ನೆಕೆ ಎವರ್‌ಪುಲ್ 1666ರಲ್ಲಿ ಕೊಟ್ಟ ಹೇಳಿಕೆ ದಾಖಲೆಯಲ್ಲಿದೆ: ವರ್ಮೀರನ ಬಸುರಿ ಹೆಂಡತಿಯ ಮೇಲೆ ಅವಳ ಸ್ವಂತ ಅಣ್ಣನೇ ಕಬ್ಬಿಣದ ಮೊನೆಯ ಕೋಲು ಹಿಡಿದು ಏರಿಹೋಗಿದ್ದ, ತಡೆದವಳು ಈಕೆ. ಚಿತ್ರದಲ್ಲಿರುವವಳೂ ಇವಳೇ ಎಂದು ಸಾಧಿಸಲು ಆಧಾರವಿಲ್ಲ. ಹೆಸರು ಬರೆದಿಡದ ಮಟ್ಟಿಗೆ ಆಕ್ಷೇಪ ನಿಲ್ಲುತ್ತದೆ. ಆದರೆ ಚಿತ್ರಕಾರ ಏನು ಖರ್ಚು ಮಾಡಿದ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಫ್ಘಾನಿಸ್ತಾನದ ಗಣಿಯ ನೀಲಿಕಲ್ಲನ್ನು ಅರೆದು ಮಾಡಿದ, ಅಂದಿನ ಅತಿ ದುಬಾರಿ ಬಣ್ಣಗಳಲ್ಲೊಂದನ್ನು ಮೇರಿಮಾತೆಯ ಉಡುಗೆಗೆ ಬಳಸುವುದು ರೂಢಿ. ಇವನು ಅದನ್ನು ಕೆಲಸದವಳ ಸೊಂಟದ ಬಟ್ಟೆಗೆ ಬಳಿದ. ಅವಳ ಬಲಗೈಯ ಸ್ವಲ್ಪ ಮೇಲೆ ಕ್ಯಾನ್ವಾಸಿನಲ್ಲಿ ಸೂಜಿಯ ತೂತಿದೆ. ಅಲ್ಲಿಂದ ದಾರ ಹಿಡಿದು ಗೆರೆ ಹಾಕಿಕೊಂಡದ್ದರಿಂದ ನೋಡುವವರ ಕಣ್ಣು ಅವಳ ಮುಖಕ್ಕಿಂತ ಕೆಳಗೆ ನಿಲ್ಲುತ್ತದೆ. ಯಜಮಾನನೂ ತಲೆಯೆತ್ತಿಯೇ ಅವಳನ್ನು ನೋಡಬೇಕು. ಸುಳ್ಳು ಹೇಳುವವನು ಇಷ್ಟು ದುಡ್ಡು, ಇಷ್ಟು ಲೆಕ್ಕಾಚಾರ ಸುರಿಯುವುದಿಲ್ಲ.

ಚಿತ್ರದ ಆ ಪ್ರಶಾಂತತೆ ತುಂಬಿದ ಮನೆಯ ನೆಮ್ಮದಿಯೂ ಅಲ್ಲ. ಮೇಜಿನ ತುಂಬ ಬ್ರೆಡ್ಡು ಬರೆದ ವರ್ಮೀರ್ 1675ರಲ್ಲಿ 43ನೆಯ ವಯಸ್ಸಿಗೆ ತೀರಿಕೊಂಡಾಗ ಅವನಿಗೆ 11 ಮಕ್ಕಳಿದ್ದರು. ಬ್ರೆಡ್ಡಿನ ಅಂಗಡಿಯವನಿಗೆ 617 ಗಿಲ್ಡರ್ ಬಾಕಿ ಇತ್ತು. ಅದಕ್ಕೆ ಹೆಂಡತಿ ಅವನ ಎರಡು ಚಿತ್ರಗಳನ್ನು ಕೊಟ್ಟಳು.