ವ್ಯಾಯಾಮವೂ ಲಜ್ಜೆಯೂ

ವ್ಯಾಯಾಮಶಾಲೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದೆವೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ನಮ್ಮೊಡನೆ ಹೇಳಿರುವರು. ಇದಕ್ಕೆ ಆಲಸ್ಯವು ಕಾರಣವಲ್ಲ. ನೋಡಿದವರು ಏನೆಂದಾರೋ ಎಂಬ ಅಂಜಿಕೆಯೇ ಕಾರಣ. ಕವಾಯತಿನ ಗಂಟೆಯಾದೊಡನೆ ತಲೆನೋವೆನ್ನುವ ಬಾಲಕಿಯ ಮನಸ್ಸಿನಲ್ಲಿಯೂ ಅನೇಕವೇಳೆ ಇದೇ ಅಂಜಿಕೆಯಿರುವುದನ್ನು ನಾವು ಕಂಡಿದ್ದೇವೆ.

ಇದು ಹೊಸತಲ್ಲ. 1896ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಎರಡು ವಿಶ್ವವಿದ್ಯಾನಿಲಯಗಳ ತರುಣಿಯರು ಬ್ಯಾಸ್ಕೆಟ್‌ಬಾಲ್ ಪಂದ್ಯವಾಡಿದಾಗ ಪ್ರೇಕ್ಷಕರಾಗಿ ಪುರುಷರಿಗೆ ಪ್ರವೇಶವಿರಲಿಲ್ಲ. ಸಂಕೋಚವಿದ್ದ ಕಾಲದಲ್ಲಿಯೂ ಆಟವನ್ನು ಬಿಡದೆ, ಅದಕ್ಕೆ ತಕ್ಕ ಏರ್ಪಾಡನ್ನು ಮಾಡಿಕೊಂಡರು.

2000ದಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾನಿಲಯದ ಶೋಧನೆಯೊಂದರಲ್ಲಿ, ನಾಚಿಕೆ ತರುವಂಥ ಚಿತ್ರದ ಅಂಗಿಯನ್ನು ತೊಡಿಸಿ ವಿದ್ಯಾರ್ಥಿಗಳನ್ನು ಇತರರಿದ್ದ ಕೊಠಡಿಗೆ ಕಳುಹಿಸಿದರು. ಸುಮಾರು ಅರ್ಧದಷ್ಟು ಮಂದಿ ಅದನ್ನು ಗಮನಿಸಿರಬೇಕೆಂದು ತೊಟ್ಟವರು ಭಾವಿಸಿದರು. ನಿಜವಾಗಿ ಗಮನಿಸಿದವರು ಕಾಲುಭಾಗದಷ್ಟೇ. ಪರರ ಕಣ್ಣು ನಾವೆಣಿಸಿದಷ್ಟು ನಮ್ಮ ಮೇಲಿರುವುದಿಲ್ಲ.

ಆದುದರಿಂದ ಪ್ರಿಯ ವಿದ್ಯಾರ್ಥಿನಿಯರೇ, ಜನಸಂದಣಿಯಿಲ್ಲದ ವೇಳೆಯಲ್ಲಿ ಗೆಳತಿಯೊಬ್ಬಳೊಡನೆ ಹೋಗಿರಿ. ಮೊದಲು ಒಂದೆರಡು ಅಭ್ಯಾಸಗಳನ್ನೇ ಕಲಿಯಿರಿ. ಎದೆ ಅಳುಕಿದರೂ ಮರುದಿನ ಪುನಃ ಹೋಗಿರಿ. ಅಂಜಿಕೆಯು ಓಡಿದರೆ ಬೆಳೆಯುವುದು, ಎದುರಿಸಿದರೆ ಸವೆಯುವುದು. ಮಗಳ ಮೈಕಟ್ಟನ್ನು ಕುರಿತು ಮನೆಯಲ್ಲಿ ಹಾಸ್ಯವಾಡಬಾರದೆಂದು ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆ. ದೇವರು ದಯಪಾಲಿಸಿದ ದೇಹವನ್ನು ಬಲಪಡಿಸುವುದರಲ್ಲಿ ಲಜ್ಜೆಗೆ ಎಡೆಯಿಲ್ಲ.