ಭೂಪಟದಲ್ಲಿ ಸಿಗದ ತಂಡಗಳು

ಶನಿವಾರ ಸಂಜೆ ಐದು ಗಂಟೆ. ಬ್ರಿಟನ್ನಿನ ಸಾವಿರಾರು ಮನೆಗಳಲ್ಲಿ ಆ ಹೊತ್ತಿಗೆ ರೇಡಿಯೋದ ಸುತ್ತ ಮೌನ ಆವರಿಸುತ್ತಿದ್ದ ಕಾಲವೊಂದಿತ್ತು. ಅಪ್ಪನ ಕೈಯಲ್ಲಿ ಪೆನ್ಸಿಲು, ತೊಡೆಯ ಮೇಲೆ 'ಪೂಲ್ಸ್' ಕೂಪನ್ನು. ಅಂದಿನ ಫುಟ್‌ಬಾಲ್ ಪಂದ್ಯಗಳಲ್ಲಿ ಯಾವುವು ಡ್ರಾ ಆಗುತ್ತವೆಂದು ಮೊದಲೇ ಊಹಿಸಿ, ಗುರುತು ಹಾಕಿ, ಅಂಚೆಯಲ್ಲಿ ಕಳುಹಿಸುವ ಬಾಜಿ ಅದು. ಫಲಿತಾಂಶ ಓದುವಾಗ ಮಕ್ಕಳು ಉಸಿರೆತ್ತಿದರೂ ಗದರಿಕೆ ಖಂಡಿತ. ಬಿಬಿಸಿ ರೇಡಿಯೋದಲ್ಲಿ 1970ರ ದಶಕದಿಂದ 2013ರವರೆಗೆ ಈ ಫಲಿತಾಂಶಗಳನ್ನು ಓದಿದವರು ಜೇಮ್ಸ್ ಅಲೆಕ್ಸಾಂಡರ್ ಗಾರ್ಡನ್. ಎರಡನೆಯ ತಂಡದ ಹೆಸರನ್ನು ಅವರು ಉಚ್ಚರಿಸುವ ಏರಿಳಿತದಲ್ಲೇ, ಗೋಲಿನ ಸಂಖ್ಯೆ ಬರುವ ಮೊದಲೇ, ಗೆದ್ದವರು ಯಾರು, ಸೋತವರು ಯಾರು ಎಂದು ಕೇಳುಗರಿಗೆ ಗೊತ್ತಾಗಿಬಿಡುತ್ತಿತ್ತು.

ಇಂಗ್ಲೆಂಡಿನ ತಂಡಗಳದು ಹೆಚ್ಚುಕಡಿಮೆ ಒಂದೇ ರಾಗ. ಊರಿನ ಹೆಸರು, ಅದರ ಬಾಲಕ್ಕೆ ಸಿಟಿ, ಟೌನ್ ಅಥವಾ ಯುನೈಟೆಡ್. ಸ್ಕಾಟ್ಲೆಂಡಿನ ಸರದಿ ಬಂದಾಗ ಮಾತ್ರ ಕ್ರೀಡಾವಾರ್ತೆ ಕಥಾಸಂಕಲನದ ಪರಿವಿಡಿಯಾಗುತ್ತಿತ್ತು. ಕ್ವೀನ್ ಆಫ್ ದಿ ಸೌತ್, ಅಂದರೆ ದಕ್ಷಿಣದ ರಾಣಿ. ಹಾರ್ಟ್ ಆಫ್ ಮಿಡ್‌ಲೋಥಿಯನ್, ಅಂದರೆ ಮಿಡ್‌ಲೋಥಿಯನ್ನಿನ ಹೃದಯ. ಹ್ಯಾಮಿಲ್ಟನ್ ಅಕಾಡೆಮಿಕಲ್, ಸೇಂಟ್ ಮಿರನ್, ಸೇಂಟ್ ಜಾನ್‌ಸ್ಟನ್, ರೇತ್ ರೋವರ್ಸ್, ಪಾರ್ಟಿಕ್ ಥಿಸಲ್... ಕುತೂಹಲಗೊಂಡ ಹುಡುಗನೊಬ್ಬ ಅಟ್ಲಾಸ್ ತೆಗೆದು ಇವು ಎಲ್ಲಿವೆ ಎಂದು ಹುಡುಕಲು ಕುಳಿತರೆ ನಿರಾಸೆಯೇ ಗತಿ. ಇವುಗಳಲ್ಲಿ ಬಹುಪಾಲು ಹೆಸರಿನ ಊರೇ ಇಲ್ಲ! ಊರಿಲ್ಲದಿದ್ದರೂ ಪ್ರತಿ ಹೆಸರಿನ ಹಿಂದೆ ಏನೋ ಒಂದಿದೆ. ಅದು ಸೆರೆಮನೆಯಿರಬಹುದು, ಶಾಲೆಯಿರಬಹುದು, ರಸ್ತೆ ಬದಿಯ ಒಂದು ಕಲ್ಲೂ ಇರಬಹುದು.

ದಕ್ಷಿಣದ ರಾಣಿಯಿಂದಲೇ ಆರಂಭಿಸಬಹುದು. ಸ್ಕಾಟ್ಲೆಂಡಿನ ದಕ್ಷಿಣ ಭಾಗದ ಡಂಫ್ರೀಸ್ ಎಂಬ ಪೇಟೆ ಈಕೆಯ ತವರು. ಕವಿ ರಾಬರ್ಟ್ ಬರ್ನ್ಸ್ ಕೊನೆಯ ವರ್ಷಗಳನ್ನು ಕಳೆದು, 1796ರಲ್ಲಿ ಕಣ್ಮುಚ್ಚಿದ್ದು ಇಲ್ಲಿಯೇ. 1857ರಲ್ಲಿ ಪಾರ್ಲಿಮೆಂಟಿನ ಚುನಾವಣೆಗೆ ನಿಂತ ಡೇವಿಡ್ ಡನ್‌ಬಾರ್ ಎಂಬ ಸ್ಥಳೀಯ ಕವಿ, ಮತದಾರರ ಮುಂದೆ ತನ್ನೂರನ್ನು 'ದಕ್ಷಿಣದ ರಾಣಿ' ಎಂದು ಕೊಂಡಾಡಿದ. ಚುನಾವಣೆಯ ಮಾತು ಮತ ಎಣಿಕೆಯೊಂದಿಗೇ ಮರೆತುಹೋಗುವುದು ಎಲ್ಲ ದೇಶಗಳ ಪದ್ಧತಿ. ಇದೊಂದು ಮಾತು ಮಾತ್ರ ಉಳಿದುಕೊಂಡಿತು. 1919ರಲ್ಲಿ ಊರಿನ ತಂಡ, ಸೈನಿಕರ ತಂಡ ಮತ್ತು ಮೋಟಾರು ಕಾರ್ಖಾನೆಯ ತಂಡ ಒಂದಾದಾಗ ಹೊಸ ಕ್ಲಬ್ಬಿಗೆ ಅದೇ ಹೆಸರಾಯಿತು. ಬೈಬಲ್ಲಿನಲ್ಲಿ ಶೆಬಾ ದೇಶದ ರಾಣಿಯನ್ನು ಇದೇ ಮಾತಿನಿಂದ ಕರೆದಿರುವುದರಿಂದ, ಬೈಬಲ್ಲಿನಲ್ಲಿ ಹೆಸರಿರುವ ಫುಟ್‌ಬಾಲ್ ತಂಡ ಯಾವುದು ಎಂಬ ಕ್ವಿಜ್ ಪ್ರಶ್ನೆಗೂ ದಾರಿಯಾಯಿತು.

ಆದರೆ ಈ ತಂಡದ ಅಡ್ಡಹೆಸರು ಅಸಲಿ ಹೆಸರಿಗಿಂತ ಹೃದಯಕ್ಕೆ ಹತ್ತಿರ. ಕೆಲಸ ಹುಡುಕಿಕೊಂಡು ಗ್ಲಾಸ್ಗೋ ಕಡೆಗೆ ಹೋದ ಡಂಫ್ರೀಸಿನ ಜನ ತಮ್ಮೂರಿನ ಮಾತು ಬಂದಾಗ ಊರ ಹೆಸರು ಹೇಳುತ್ತಿರಲಿಲ್ಲವಂತೆ. 'ಡೂನ್ ಹೇಮ್' ಎನ್ನುತ್ತಿದ್ದರಂತೆ. ಅವರ ಆಡುನುಡಿಯಲ್ಲಿ ಹಾಗೆಂದರೆ 'ಕೆಳಗಡೆ, ಮನೆಯಲ್ಲಿ'. ಅದರಿಂದಲೇ ಡಂಫ್ರೀಸಿನವರು 'ಡೂನ್‌ಹೇಮರ್ಸ್' ಆದರು, ಅವರ ತಂಡವೂ ಡೂನ್‌ಹೇಮರ್ಸ್ ಆಯಿತು. 2008ರಲ್ಲಿ ಈ ತಂಡ ಸ್ಕಾಟಿಷ್ ಕಪ್ ಫೈನಲ್ ತಲುಪಿ, ಬಲಾಢ್ಯ ರೇಂಜರ್ಸ್ ವಿರುದ್ಧ ಎರಡು ಗೋಲು ಹಿಂದೆ ಬಿದ್ದು, ಎರಡನ್ನೂ ತೀರಿಸಿ, ಕಡೆಗೆ 3-2ರಿಂದ ಸೋತಿತು.

ರೇತ್ ರೋವರ್ಸ್ ತಂಡದ್ದು ಬೇರೆಯೇ ಫಜೀತಿ. ಒಮ್ಮೆ ಈ ತಂಡ ಗೆದ್ದಾಗ ಟೆಲಿವಿಷನ್ನಿನ ವ್ಯಾಖ್ಯಾನಕಾರನೊಬ್ಬ, ಇವತ್ತು ರಾತ್ರಿ ರೇತ್ ಊರಿನ ಬೀದಿಗಳಲ್ಲಿ ಜನ ಕುಣಿಯುತ್ತಾರೆ ಎಂದನಂತೆ. ಕುಣಿಯಲು ಜನರೇನೋ ಸಿದ್ಧ, ಬೀದಿಗಳೇ ಇಲ್ಲ! ರೇತ್ ಎಂಬುದು ಒಂದು ಹಳೆಯ ಜಹಗೀರಿನ ಹೆಸರು. ತಂಡದ ಊರು ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಹುಟ್ಟಿದ ಕರ್ಕಾಲ್ಡಿ. ಇದೇ ತಂಡ 1994ರಲ್ಲಿ ಸೆಲ್ಟಿಕ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಲೀಗ್ ಕಪ್ ಗೆದ್ದಿತು. ಮರುವರ್ಷ ಮ್ಯೂನಿಕ್ಕಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಬಯರ್ನ್ ತಂಡದ ವಿರುದ್ಧ ಅರ್ಧಕಾಲದವರೆಗೆ 1-0 ಮುಂದಿತ್ತು. ಪಂದ್ಯ ಸೋತಿತು ನಿಜ. ಅರ್ಧಕಾಲದ ಅಂಕಫಲಕದ ಛಾಯಾಚಿತ್ರ ಮಾತ್ರ ಅಭಿಮಾನಿಗಳ ಆಸ್ತಿಯಾಯಿತು.

ಸೇಂಟ್ ಜಾನ್‌ಸ್ಟನ್ ಎಂಬ ಸಂತನೂ ಇಲ್ಲ, ಊರೂ ಇಲ್ಲ. ಪರ್ತ್ ನಗರಕ್ಕೆ ಹಿಂದೆ ಸೇಂಟ್ ಜಾನ್ಸ್ ಟೌನ್ ಎಂಬ ಹೆಸರಿತ್ತು, ಸವೆದು ಹೀಗಾಯಿತು. ಸೇಂಟ್ ಮಿರನ್ ತಂಡದ ಹೆಸರಿನಲ್ಲಿ ನಿಜವಾದ ಸಂತನಿದ್ದಾನೆ. ಆತ 6ನೆಯ ಶತಮಾನದ ಐರಿಷ್ ಸನ್ಯಾಸಿ, ಪೇಸ್ಲಿ ಪಟ್ಟಣದ ರಕ್ಷಕ. ಪೇಸ್ಲಿ ಎಂದೊಡನೆ ಕನ್ನಡದ ಮನೆಗಳ ತಾಯಂದಿರ ಕಿವಿ ನಿಮಿರಬೇಕು. ರೇಷ್ಮೆ ಸೀರೆಯ ಅಂಚಿನಲ್ಲಿ, ಸೆರಗಿನಲ್ಲಿ ಕಾಣುವ ಮಾವಿನಕಾಯಿ ಚಿತ್ತಾರಕ್ಕೆ ಇಂಗ್ಲಿಷಿನಲ್ಲಿ ಇರುವುದು ಈ ಊರಿನ ಹೆಸರೇ. 19ನೆಯ ಶತಮಾನದಲ್ಲಿ ಪೇಸ್ಲಿಯ ನೇಕಾರರು ಕಾಶ್ಮೀರದ ಶಾಲುಗಳ ಬುಟ್ಟಾವನ್ನು ನಕಲು ಮಾಡಿ ನೇಯ್ದರು, ಮಾರಿದರು. ಹೆಸರು ಮಾತ್ರ ಕಾಶ್ಮೀರಕ್ಕೆ ಸಿಗಲಿಲ್ಲ, ಪೇಸ್ಲಿಗೆ ಸಿಕ್ಕಿತು. ಹೆಸರುಗಳ ಲೋಕದಲ್ಲಿ ನ್ಯಾಯವನ್ನು ಹುಡುಕುವುದು ಕಷ್ಟ.

ಪಾರ್ಟಿಕ್ ಥಿಸಲ್ ತಂಡದ ಥಿಸಲ್, ಸ್ಕಾಟ್ಲೆಂಡಿನ ರಾಷ್ಟ್ರೀಯ ಲಾಂಛನವಾದ ಮುಳ್ಳುಗಿಡ. ಇರುಳಿನಲ್ಲಿ ಬರಿಗಾಲಲ್ಲಿ ನುಗ್ಗಿ ಬಂದ ಶತ್ರುವೊಬ್ಬ ಇದನ್ನು ತುಳಿದು ಚೀರಿದ್ದರಿಂದ ಸ್ಕಾಟರು ಎಚ್ಚತ್ತು ಬದುಕಿಕೊಂಡರೆಂದು ಐತಿಹ್ಯ. ತಂಡವೇನೋ 1909ರಲ್ಲೇ ಪಾರ್ಟಿಕ್ ಬಡಾವಣೆಯನ್ನು ಬಿಟ್ಟು ಗ್ಲಾಸ್ಗೋದ ಇನ್ನೊಂದು ಭಾಗಕ್ಕೆ ಹೋಯಿತು, ಹೆಸರನ್ನು ಬಿಡಲಿಲ್ಲ. ಫಲಿತಾಂಶ ಕೇಳಿ ಕೇಳಿ ಆ ತಂಡದ ಪೂರ್ತಿ ಹೆಸರೇ 'ಪಾರ್ಟಿಕ್ ಥಿಸಲ್ ಸೊನ್ನೆ' ಎಂದು ತಿಳಿದಿದ್ದೆ ಎಂದು ಹಾಸ್ಯಗಾರ ಬಿಲ್ಲಿ ಕಾನಲಿ ತಮಾಷೆ ಮಾಡುತ್ತಿದ್ದರು.

ಎಡಿನ್‌ಬರೋದ ಹೃದಯದ ಕತೆ ತಮಾಷೆಯದಲ್ಲ. ಅದನ್ನು ಸಾವಧಾನವಾಗಿಯೇ ಹೇಳಬೇಕು. ನಗರದ ಹಳೆಯ ಭಾಗದಲ್ಲಿ, ಸೇಂಟ್ ಜೈಲ್ಸ್ ಚರ್ಚಿನ ಪಕ್ಕದಲ್ಲಿ ಟೋಲ್‌ಬೂತ್ ಎಂಬ ಕುಖ್ಯಾತ ಸೆರೆಮನೆಯಿತ್ತು. ಜನ ಅದನ್ನೇ 'ಮಿಡ್‌ಲೋಥಿಯನ್ನಿನ ಹೃದಯ' ಎನ್ನುತ್ತಿದ್ದರು. 1817ರಲ್ಲಿ ಸೆರೆಮನೆಯನ್ನು ಕೆಡವಿದರು. ಮರುವರ್ಷವೇ ವಾಲ್ಟರ್ ಸ್ಕಾಟ್ ಅದೇ ಹೆಸರಿನ ಕಾದಂಬರಿ ಬರೆದು ಆ ಹೆಸರಿಗೆ ಮರುಜೀವ ಕೊಟ್ಟ. ಕಾದಂಬರಿಯಿಂದ ಹೆಸರು ಒಂದು ನೃತ್ಯಮಂದಿರಕ್ಕೆ ಹೋಯಿತು. ಅಲ್ಲಿ ಕುಣಿಯಲು ಬರುತ್ತಿದ್ದ ಹುಡುಗರು ಬೀದಿಯಲ್ಲಿ ಗಲಾಟೆ ಮಾಡುತ್ತಿದ್ದಾಗ ಪೊಲೀಸನೊಬ್ಬ, ಹೋಗಿ ಚೆಂಡಾಟವನ್ನಾದರೂ ಆಡಿ ಎಂದು ಬುದ್ಧಿ ಹೇಳಿದನೆಂದು ಪ್ರತೀತಿ. 1874ರಲ್ಲಿ ತಂಡ ಹುಟ್ಟಿತು. ಸೆರೆಮನೆಯಿದ್ದ ಜಾಗದ ನೆಲದಲ್ಲಿ ಇಂದಿಗೂ ಕಲ್ಲುಗಳನ್ನು ಹೃದಯದ ಆಕಾರದಲ್ಲಿ ಜೋಡಿಸಿದ್ದಾರೆ. ಹಾದುಹೋಗುವವರು ಅದರ ಮೇಲೆ ಉಗುಳುವುದು ವಾಡಿಕೆ. ಸೆರೆಮನೆಯ ಮೇಲಿನ ಸಿಟ್ಟಿನಿಂದ ಶುರುವಾದದ್ದು ಈಗ ಅದೃಷ್ಟಕ್ಕಾಗಿ. ಅದೇ ನಗರದ ಎದುರಾಳಿ ಹೈಬರ್ನಿಯನ್ ತಂಡದ ಅಭಿಮಾನಿಗಳು ಉಗುಳುವುದು ಯಾತಕ್ಕೆಂದು ಬಿಡಿಸಿ ಹೇಳಬೇಕಿಲ್ಲ.

1914ರ ಶರತ್ಕಾಲದಲ್ಲಿ ಹಾರ್ಟ್ಸ್ ತಂಡ ಸತತ ಎಂಟು ಪಂದ್ಯಗಳನ್ನು ಗೆದ್ದು ಲೀಗಿನ ತುದಿಯಲ್ಲಿತ್ತು. ಮೊದಲ ಮಹಾಯುದ್ಧ ಆಗತಾನೇ ಶುರುವಾಗಿತ್ತು. ತಮ್ಮ ವಯಸ್ಸಿನ ಹುಡುಗರು ಯುದ್ಧಭೂಮಿಯಲ್ಲಿರುವಾಗ ಇವರಿಗೆ ಚೆಂಡಾಟವೇ ಎಂದು ಪತ್ರಿಕೆಗಳಲ್ಲಿ ಮೂದಲಿಕೆ. ನವೆಂಬರಿನಲ್ಲಿ ಸರ್ ಜಾರ್ಜ್ ಮೆಕ್ರೇ ಕಟ್ಟಿದ ಪಡೆಗೆ ತಂಡದ ಹನ್ನೊಂದು ಆಟಗಾರರು ಒಟ್ಟಿಗೇ ಸೇರಿದರು. ಅವರ ಹಿಂದೆ ನೂರಾರು ಅಭಿಮಾನಿಗಳೂ ಸೇರಿದರು. ಸೈನಿಕ ಕವಾಯತು ಮುಗಿಸಿಬಂದ ಕಾಲುಗಳಲ್ಲೇ ಆಡುತ್ತ ಉಳಿದ ಋತುವನ್ನು ಕಳೆದರು. ಪ್ರಶಸ್ತಿ ಕೈತಪ್ಪಿ ಸೆಲ್ಟಿಕ್ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಹಾರ್ಟ್ಸ್ ತಂಡದ ಏಳು ಆಟಗಾರರು ಉಳಿದಿರಲಿಲ್ಲ. ಅವರಲ್ಲಿ ಮೂವರು ಸತ್ತದ್ದು ಒಂದೇ ದಿನ, 1916ರ ಜುಲೈ 1ರಂದು, ಸೋಮ್ ಕದನದಲ್ಲಿ. 1922ರಲ್ಲಿ ಹೇಮಾರ್ಕೆಟ್ ವೃತ್ತದಲ್ಲಿ ಅವರ ನೆನಪಿಗೆ ಗಡಿಯಾರದ ಸ್ತಂಭ ನಿಲ್ಲಿಸಿದರು. ಪ್ರತಿ ನವೆಂಬರಿನಲ್ಲಿ ಅಭಿಮಾನಿಗಳು ಅಲ್ಲಿ ಸೇರುತ್ತಾರೆ. ಆ ಹೊತ್ತಿನಲ್ಲಿ 'ಹೃದಯ' ಎಂಬ ಮಾತಿಗೆ ಸೆರೆಮನೆಯ ನೆನಪು ಯಾರಿಗೂ ಬರಲಾರದು.

ವಿದ್ಯಾರ್ಥಿಗಳಿಗೆ ಮೆಚ್ಚುಗೆಯಾಗಬೇಕಾದ ಹೆಸರು ಹ್ಯಾಮಿಲ್ಟನ್ ಅಕಾಡೆಮಿಕಲ್. 1874ರಲ್ಲಿ ಹ್ಯಾಮಿಲ್ಟನ್ ಅಕಾಡೆಮಿ ಎಂಬ ಶಾಲೆಯ ಮುಖ್ಯೋಪಾಧ್ಯಾಯರೂ ಹುಡುಗರೂ ಕೂಡಿ ಕಟ್ಟಿದ ತಂಡವಿದು. ಬ್ರಿಟನ್ನಿನ ವೃತ್ತಿಪರ ಕ್ಲಬ್ಬುಗಳಲ್ಲಿ ಶಾಲಾ ತಂಡದಿಂದ ಬೆಳೆದು ಬಂದದ್ದು ಇದೊಂದೇ ಎಂಬ ಹೆಗ್ಗಳಿಕೆ ಅದಕ್ಕಿದೆ. ಪರೀಕ್ಷೆ ಹತ್ತಿರ ಬಂತೆಂದು ಚೆಂಡನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಮುಖ್ಯೋಪಾಧ್ಯಾಯರಿಗೆ ಈ ಸಂಗತಿಯನ್ನು ಯಾರಾದರೂ ತಿಳಿಸಬೇಕು.

ಉತ್ತರದ ಇನ್ವರ್ನೆಸ್ ನಗರದಲ್ಲಿ ಕ್ಲಾಕ್ನಕಡಿನ್ ಎಂಬ ತಂಡವಿದೆ. ನಾಲಿಗೆ ಹೊರಳದ ಈ ಗೇಲಿಕ್ ಹೆಸರಿನ ಅರ್ಥ ತೀರ ಸರಳ: ತೊಟ್ಟಿಯ ಕಲ್ಲು. ನೆಸ್ ನದಿಯಿಂದ ನೀರು ಹೊತ್ತು ತರುತ್ತಿದ್ದ ಹೆಂಗಸರು ನಡುದಾರಿಯಲ್ಲಿ ತೊಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಕಲ್ಲು ಅದು. ಈಗಲೂ ಪುರಭವನದ ಮುಂದಿದೆ. ಅರಸರ ಹೆಸರು, ಸೇನಾಪತಿಗಳ ಹೆಸರು ತಂಡಗಳಿಗೆ ಸಿಗುವುದು ಸಾಮಾನ್ಯ. ನೀರು ಹೊತ್ತವರ ದಣಿವಿನ ಗುರುತು ಸಿಗುವುದು ಅಪರೂಪ. ಇನ್ವರುರಿ ಎಂಬ ಪೇಟೆಯ ತಂಡದ ಹೆಸರು ಲೋಕೋ ವರ್ಕ್ಸ್. ರೈಲು ಎಂಜಿನ್ ಕಾರ್ಖಾನೆಯ ಕೆಲಸಗಾರರ ತಂಡ. ಕಾರ್ಖಾನೆ 1969ರಲ್ಲಿ ಮುಚ್ಚಿತು. ತಂಡ ಆಡುತ್ತಲೇ ಇದೆ.

ಇಷ್ಟು ಪ್ರೀತಿಯ ಹೆಸರುಗಳನ್ನು ಕಿತ್ತುಕೊಳ್ಳಲು ಹೋದರೆ ಏನಾಗುತ್ತದೆ? ಇನ್ವರ್ನೆಸ್ಸಿನಲ್ಲಿ ಅದೂ ನಡೆಯಿತು. ಸ್ಕಾಟಿಷ್ ಲೀಗಿನಲ್ಲಿ ಸ್ಥಾನ ಪಡೆಯಲೆಂದು 1994ರಲ್ಲಿ ಕ್ಯಾಲೆಡೋನಿಯನ್ ಮತ್ತು ಇನ್ವರ್ನೆಸ್ ಥಿಸಲ್ ಎಂಬ ಎರಡು ಹಳೆಯ ಎದುರಾಳಿಗಳನ್ನು ಒಂದುಗೂಡಿಸಿದರು. ಒಂದು ಶತಮಾನ ಪರಸ್ಪರ ಹಳಿದುಕೊಂಡವರು ಒಂದೇ ಅಂಗಿ ತೊಡುವುದೆಂದರೆ ಸುಲಭವೆ? ಸಭೆಗಳಲ್ಲಿ ಜಗಳವಾಯಿತು. ಕೆಲವರು ಹೊಸ ತಂಡದ ಪಂದ್ಯಕ್ಕೆ ಕಾಲಿಡಲಿಲ್ಲ. ಕ್ಲಾಕ್ನಕಡಿನ್ ಮಾತ್ರ ವಿಲೀನಕ್ಕೆ ಸೇರದೆ ತನ್ನ ಕಲ್ಲಿನ ಹೆಸರಿನೊಂದಿಗೇ ಉಳಿಯಿತು. ಹೊಸ ತಂಡ 2000ದ ಫೆಬ್ರುವರಿಯಲ್ಲಿ ಸೆಲ್ಟಿಕ್ ತಂಡವನ್ನು ಅದರ ಅಂಗಳದಲ್ಲೇ 3-1ರಿಂದ ಮಣಿಸಿತು, 2015ರಲ್ಲಿ ಸ್ಕಾಟಿಷ್ ಕಪ್ಪನ್ನೂ ಗೆದ್ದಿತು. ಗೆಲುವು ಎಷ್ಟೋ ಗಾಯಗಳನ್ನು ಮಾಯಿಸುತ್ತದೆ, ಎಲ್ಲವನ್ನೂ ಅಲ್ಲ.

ಇದಕ್ಕಿಂತ ಕಹಿಯಾದದ್ದು ಏರ್‌ಡ್ರಿ ಪಟ್ಟಣದ ಪ್ರಕರಣ. 1878ರಲ್ಲಿ ಹುಟ್ಟಿದ ಏರ್‌ಡ್ರಿಯೋನಿಯನ್ಸ್ ಸಾಲದಲ್ಲಿ ಮುಳುಗಿ 2002ರಲ್ಲಿ ಬಾಗಿಲು ಹಾಕಿತು. ಲೀಗಿನಲ್ಲಿ ತೆರವಾದ ಸ್ಥಾನ ಬೇರೊಂದು ತಂಡಕ್ಕೆ ಹೋಯಿತು. ಆಗ ಏರ್‌ಡ್ರಿಯ ಕೆಲವರು, ತಾನೂ ಕಷ್ಟದಲ್ಲಿದ್ದ ಕ್ಲೈಡ್‌ಬ್ಯಾಂಕ್ ತಂಡವನ್ನು ಕೊಂಡು, ತಮ್ಮೂರಿಗೆ ಸಾಗಿಸಿ, ಏರ್‌ಡ್ರಿ ಯುನೈಟೆಡ್ ಎಂದು ಹೆಸರಿಟ್ಟರು. ಕ್ವೀನ್ ಮೇರಿಯಂಥ ಮಹಾ ಹಡಗನ್ನು ಕಟ್ಟಿದ ಊರು ಕ್ಲೈಡ್‌ಬ್ಯಾಂಕ್. ಒಂದೇ ಬೇಸಿಗೆಯಲ್ಲಿ ಆ ಊರಿನ ಹೆಸರು ಲೀಗಿನ ಪಟ್ಟಿಯಿಂದ ಅಳಿಸಿಹೋಯಿತು. ಅಲ್ಲಿನ ಅಭಿಮಾನಿಗಳು ಸುಮ್ಮನಿರಲಿಲ್ಲ. ಮರುವರ್ಷ 'ಜೂನಿಯರ್' ಫುಟ್‌ಬಾಲಿನಲ್ಲಿ ಕ್ಲೈಡ್‌ಬ್ಯಾಂಕ್ ತಂಡವನ್ನು ಹೊಸದಾಗಿ ಕಟ್ಟಿದರು. ಸ್ಕಾಟ್ಲೆಂಡಿನಲ್ಲಿ ಜೂನಿಯರ್ ಎಂದರೆ ಮಕ್ಕಳ ಆಟವಲ್ಲ, ದೊಡ್ಡವರೇ ಆಡುವ ಕೆಳಹಂತದ ಆಟ. ಇತ್ತ ಏರ್‌ಡ್ರಿಯವರಿಗೂ 'ಯುನೈಟೆಡ್' ರುಚಿಸಲಿಲ್ಲ. 2013ರಲ್ಲಿ ಹಳೆಯ ಹೆಸರನ್ನು ಮರಳಿ ಪಡೆದ ಮೇಲೆಯೇ ಅವರಿಗೆ ಸಮಾಧಾನವಾದದ್ದು. ಹೆಸರು ಕಳೆದುಕೊಂಡ ನೋವು ಬಲ್ಲವರೇ ಇನ್ನೊಂದು ಊರಿನ ಹೆಸರನ್ನು ಅಳಿಸಿದರಲ್ಲ ಎಂಬುದು ಮಾತ್ರ ಈ ಕತೆಯಲ್ಲಿ ಚುಚ್ಚುವ ಮಾತು.

ಮರಳಿ ಬಾರದ ಹೆಸರೂ ಇದೆ. 1872ರಲ್ಲಿ ಲ್ಯಾನಾರ್ಕ್‌ಶೈರ್ ಬಂದೂಕು ಸ್ವಯಂಸೇವಕರ ಮೂರನೆಯ ದಳದ ಸೈನಿಕರು ಗ್ಲಾಸ್ಗೋದಲ್ಲಿ ಕಟ್ಟಿದ ತಂಡ ಥರ್ಡ್ ಲ್ಯಾನಾರ್ಕ್. 1904ರಲ್ಲಿ ಲೀಗ್ ಗೆದ್ದಿತು, ಎರಡು ಸಲ ಸ್ಕಾಟಿಷ್ ಕಪ್ ಗೆದ್ದಿತು. 1961ರಷ್ಟು ಈಚೆಗೆ ಒಂದೇ ಋತುವಿನಲ್ಲಿ ನೂರು ಗೋಲು ಹೊಡೆದು ಮೂರನೆಯ ಸ್ಥಾನದಲ್ಲಿತ್ತು. ಆಮೇಲೆ ಸಾಲ, ಕೆಟ್ಟ ಆಡಳಿತ. ಆರೇ ವರ್ಷಗಳಲ್ಲಿ, 1967ರಲ್ಲಿ ಎಲ್ಲ ಮುಗಿದಿತ್ತು. ಆ ಏಪ್ರಿಲಿನಲ್ಲಿ ತನ್ನ ಕ್ಯಾತ್‌ಕಿನ್ ಪಾರ್ಕ್ ಅಂಗಳದಲ್ಲಿ ಅದು ಆಡಿದ ಕೊನೆಯ ಪಂದ್ಯ 3-3 ಡ್ರಾ. ಎದುರಾಳಿ ದಕ್ಷಿಣದ ರಾಣಿ.

ಕ್ಯಾತ್‌ಕಿನ್ ಪಾರ್ಕ್ ಈಗ ಸಾರ್ವಜನಿಕ ಉದ್ಯಾನ. ಮೂರು ಕಡೆ ಪ್ರೇಕ್ಷಕರು ನಿಲ್ಲುತ್ತಿದ್ದ ಮೆಟ್ಟಿಲುಗಳು ಹಾಗೆಯೇ ಇವೆ, ಜನ ಒರಗಿ ನಿಲ್ಲುತ್ತಿದ್ದ ಕಬ್ಬಿಣದ ಕಂಬಿಗಳೂ ಅಲ್ಲಲ್ಲಿ ಇವೆ. ಮೆಟ್ಟಿಲುಗಳ ನಡುವೆ ಮರಗಳು ಬೆಳೆದು ನಿಂತಿವೆ. ಕೆಳಗಿನ ಹುಲ್ಲಿನಲ್ಲಿ ಹುಡುಗರು ಆಡುತ್ತಾರೆ.